ಖಾಲಿ ಹಾಳೆಯ ಮೇಲೆ ಇಪ್ಪತ್ತೆರಡು ಸಹಿ

ಮೇ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ, ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ವಸತಿ ಕಾಲೇಜಿನ ಮೈದಾನ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಗೇಟಿನ ಕಾವಲುಗಾರ.

"ಆರಕ್ಕ ಬರ್ರಿ ಅಂದಿದ್ದೆ, ಇನ್ನೂ ಹತ್ತು ನಿಮಿಷ ಐತಲ್ರಿ," ಎಂದ ಕಾವಲುಗಾರ.

"ಇವರು ಬ್ಯಾಂಕಿಗೂ ಹಿಂಗ ಹೋಗ್ತಾರಪಾ. ಶಟರ್ ಎತ್ತಾಕ ತಾವ ಒಂದು ಕೈ ಹಚ್ತಾರ," ಎಂದಳು ನನ್ನ ಹೆಂಡತಿ.

ಬೇರೆ ಜಿಲ್ಲೆಯ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡವೊಂದು, ರಜೆಗೆ ಖಾಲಿಯಾಗಿದ್ದ ಆ ಕಾಲೇಜಿನ ಹಾಸ್ಟೆಲಿನಲ್ಲಿ ಮೂರು ವಾರ ತಂಗಿ ತರಬೇತಿ ಶಿಬಿರ ನಡೆಸಿತ್ತು. ಅಂದು ಕೊನೆಯ ದಿನ. ಆರರಿಂದ ಎಂಟರವರೆಗೆ ಅಭ್ಯಾಸ, ಎಂಟರಿಂದ ಒಂಬತ್ತರವರೆಗೆ ಬಂದವರಿಗೆ ಆಟೋಗ್ರಾಫ್, ಹನ್ನೊಂದಕ್ಕೆ ಬಸ್ಸು ಪಂದ್ಯಾವಳಿಗೆಂದು ಗೋವಾಕ್ಕೆ ಹೊರಡುತ್ತದೆ. ಹೀಗೆಂದು ಗೇಟಿಗೆ ಒಂದು ಹಾಳೆ ಅಂಟಿಸಿದ್ದರು.

ಆಟೋಗ್ರಾಫ್ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ನಿಂತು ಪಾಠ ಮಾಡಿದವಳಿಗೆ ನಿವೃತ್ತಿಯ ಮೇಲೆ ಮೊಣಕಾಲು ಹಿಡಿದವು. ಕುಳಿತಲ್ಲಿಯೇ ಅಕ್ಕಿ ಹಸನು ಮಾಡುತ್ತ ಫೋನಿನಲ್ಲಿ ಏನಾದರೂ ನೋಡುವುದು ರೂಢಿಯಾಯಿತು. ಧಾರಾವಾಹಿಗಳು ಬೇಸರವಾಗಿ, ಒಂದು ದಿನ ಈ ತಂಡದ ಆಟ ಕಣ್ಣಿಗೆ ಬಿತ್ತು. ಅಲ್ಲಿಂದ ಒಂದು ಪಂದ್ಯವನ್ನೂ ಬಿಟ್ಟಿಲ್ಲ. ಆಫ್‌ಸೈಡ್ ಎಂದರೇನೆಂದು ನನಗೆ ಅವಳೇ ಊಟದ ತಟ್ಟೆಯ ಮೇಲೆ ಶೇಂಗಾ ಕಾಳು ಇಟ್ಟು ತೋರಿಸಿದ್ದಾಳೆ. ತಂಡ ನಮ್ಮೂರಿಗೇ ಬಂದಿದೆ ಎಂದು ಗೊತ್ತಾದ ದಿನ ಗಂಗಾವತಿಗೆ ಹೋಗುವವರ ಕೈಯಲ್ಲಿ ಹೇಳಿ, ಗೆರೆ ಇಲ್ಲದ, ದಪ್ಪ ಹಾಳೆಯ ಪುಸ್ತಕವೊಂದನ್ನು ತರಿಸಿದಳು. ಆಟಗಾರ್ತಿಯರು ಇಪ್ಪತ್ತೆರಡು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಪುಟ.

ನನಗಿದ್ದದ್ದು ಕುತೂಹಲ ಮಾತ್ರ. ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ನೋಂದಣಿ ಕಚೇರಿಗಳಲ್ಲಿ ಮೂವತ್ಮೂರು ವರ್ಷ ಗುಮಾಸ್ತನಾಗಿದ್ದವನು ನಾನು. ಅಲ್ಲಿ ಸಹಿ ಎಂದರೆ ಯಾವುದಾದರೊಂದು ಬರಹದ ಕೆಳಗೆ ಇರುವಂಥದ್ದು. ಮೇಲೆ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹಳ್ಳ ಎಂದು ಬರೆದಿರುತ್ತದೆ, ಅದನ್ನೆಲ್ಲ ಒಪ್ಪಿ ಕೆಳಗೆ ಸಹಿ. ಮೇಲೆ ಏನೂ ಇಲ್ಲದೆ ಬರೀ ಸಹಿಯನ್ನು ಜನ ಬಿಸಿಲಿನಲ್ಲಿ ನಿಂತು ಕೇಳಿ ಪಡೆಯುತ್ತಾರೆ, ಮನೆಯಲ್ಲಿ ಜೋಪಾನ ಮಾಡುತ್ತಾರೆ. ಏನನ್ನು ಒಪ್ಪಿ ಮಾಡಿದ ಸಹಿ ಅದು? ಇದನ್ನು ನಾನು ಹೆಂಡತಿಗೆ ಎರಡು ಸಲ ಕೇಳಿದ್ದೆ.

"ನೀವು ಪುಸ್ತಕ ಹಿಡೀರಿ ಸಾಕು. ಬಾಯಿ ಬ್ಯಾಡ," ಎಂದಿದ್ದಳು.

ಆರಕ್ಕೆ ಸರಿಯಾಗಿ ಹುಡುಗಿಯರು ಬಂದರು. ಕೋಚ್ ಕೂಡ ಹೆಂಗಸೇ, ನಲವತ್ತರ ಆಸುಪಾಸು. ಒಂದು ಸೀಟಿಗೆ ಓಟ, ಎರಡು ಸೀಟಿಗೆ ನಿಲುಗಡೆ. ಮಾತಿಲ್ಲ. ಒಂದೊಂದು ಅಭ್ಯಾಸಕ್ಕೂ ಗಡಿಯಾರ ನೋಡಿ ನಾಲ್ಕು ನಿಮಿಷ. ಗೋಲ್ ಕಾಯುವ ಮೂವರದು ಬೇರೆಯೇ ಸಾಲು. ಅವರು ಬೀಳುವುದನ್ನು ಕಲಿಯುತ್ತಿದ್ದರು. ಗೋಲ್ ಕಾಯುವವರು ಚೆಂಡು ಹಿಡಿಯುವುದನ್ನು ಕಲಿಯುತ್ತಾರೆ ಎಂದು ತಿಳಿದಿದ್ದ ನನಗೆ ಅದು ಹೊಸದು. ಮೊದಲು ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ಭುಜ ನೆಲ ಮುಟ್ಟಬೇಕು, ಅಂಗೈ ಊರಬಾರದು. ಮೂವರಲ್ಲಿ ಗಿಡ್ಡ ಇದ್ದವಳೇ ಎಲ್ಲರಿಗಿಂತ ಸದ್ದಿಲ್ಲದೆ ಬೀಳುತ್ತಿದ್ದಳು.

"ಅಕಿ ನಮ್ಮ ಹನುಮಸಾಗರದಾಕಿ," ಎಂದ ಕಾವಲುಗಾರ ನಮ್ಮ ಬಳಿ ಬಂದು. "ಇಲ್ಲಿಗೆ ಬಂದ ಮ್ಯಾಲೆ ಪರೀಕ್ಷೆ ಮಾಡಿ ತಗೊಂಡಾರ. ಗೋವಾಕ್ಕ ಹೊಂಟಾಳ. ಆದ್ರ ಹದಿನೆಂಟು ತುಂಬಿಲ್ರಿ, ಹದಿನೇಳು. ಅವರಪ್ಪ ಸಹಿ ಮಾಡಿದ್ರ ಮಾತ್ರ ಬಸ್ಸು. ಮೊದಲನೇ ಗಾಡಿಗೆ ಬರ್ತೀನಿ ಅಂದಾನಂತ."

"ಬರ್ಲಿಲ್ಲ ಅಂದ್ರ?" ಎಂದಳು ನನ್ನ ಹೆಂಡತಿ.

"ಬರ್ಲಿಲ್ಲ ಅಂದ್ರ ಅದೇ ಗಾಡಿಗೆ ಅಕಿ ಹನುಮಸಾಗರಕ್ಕ."

ಎಂಟಕ್ಕೆ ಬೇವಿನ ಮರದ ಕೆಳಗೆ ಉದ್ದನೆಯ ಮೇಜು ಹಾಕಿದರು. ಅಳವಂಡಿಯ ಶಾಲೆಯ ಹುಡುಗಿಯರ ಒಂದು ಗುಂಪು ಟೆಂಪೋದಲ್ಲಿ ಬಂದಿಳಿಯಿತು. ಊರಿನವರು ಒಂದಿಷ್ಟು ಜನ. ನಾವು ಸಾಲಿನಲ್ಲಿ ಮೊದಲು.

ನಾಯಕಿ ನೋಡದೆಯೇ ಸಹಿ ಮಾಡಿದಳು, ದರ್ಜಿ ದಾರ ಕತ್ತರಿಸುವಷ್ಟು ಹೊತ್ತಿನಲ್ಲಿ. ಕೆಳಗೆ ತನ್ನ ಅಂಗಿಯ ನಂಬರು ಬರೆದಳು. ಎರಡನೆಯವಳು ಪೆನ್ನು ಎತ್ತಿ, "ಯಾರ ಹೆಸರಿಗೆ ಅಜ್ಜಿ? ಮೊಮ್ಮಗಳಿಗಾ?" ಎಂದಳು.

"ನನ್ನ ಹೆಸರಿಗೇ. ಮೊಮ್ಮಗಳು ಬೇಕಾದ್ರ ತಾನ ಬಂದು ಸಾಲಿಗೆ ನಿಲ್ಲವಲ್ಲಳ್ಯಾಕ."

ಆಗ ಆ ಹುಡುಗಿ ತಲೆ ಎತ್ತಿ ನೋಡಿದಳು. ಪಕ್ಕದಲ್ಲಿದ್ದ ಮುಂಪಡೆಯವಳನ್ನು ನನ್ನ ಹೆಂಡತಿ ಗುರುತು ಹಿಡಿದಳು. "ಏನ ತಂಗಿ, ಹಿಂದಿನ ಮ್ಯಾಚಿನ್ಯಾಗ ಪೆನಾಲ್ಟಿ ಆಕಾಶಕ್ಕ ಯಾಕ ಹೊಡದಿ?"

"ಮೂರು ವಾರದಿಂದ ಕೋಚ್ ಕೂಡ ಅದನ್ನೇ ಕೇಳ್ತಿದ್ದಾರೆ ಅಜ್ಜಿ. ಉತ್ತರ ಸಿಕ್ಕಿದ್ರೆ ಇಬ್ರಿಗೂ ಹೇಳ್ತೀನಿ."

ಮಣಿಪುರದ ಹುಡುಗಿಯೊಬ್ಬಳು ತನ್ನದೇ ಲಿಪಿಯಲ್ಲಿ ಸಹಿ ಮಾಡಿದಳು. ಯಾವ ಅಕ್ಷರ ಯಾವುದು ಎಂದು ಬೆರಳು ತೋರಿಸಿ ಕೇಳಿದೆ. ಪುಟದ ಮೂಲೆಯಲ್ಲಿ ಒಂದೊಂದನ್ನೇ ಬಿಡಿಸಿ ಬರೆದು ತೋರಿಸಿದಳು. ಅವರ ಅಕ್ಷರಗಳಿಗೆ ಮೈಯ ಅಂಗಗಳ ಹೆಸರಂತೆ. ಒಂದು ತಲೆ, ಒಂದು ಕೂದಲು. ಇನ್ನೂ ಕೇಳುವವನಿದ್ದೆ, ಹೆಂಡತಿ ಮೊಣಕೈಯಿಂದ ತಿವಿದಳು.

ಹನ್ನೊಂದನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಸುರುಳಿ ಸುರುಳಿಯಾಗಿ ಸಹಿ ಮಾಡಿದ್ದವಳನ್ನು, "ಬ್ಯಾಂಕಿನಲ್ಲೂ ಇದೇ ಸಹಿಯೇನಮ್ಮ?" ಎಂದು ಕೇಳಿದೆ.

"ಅಯ್ಯೋ ಇಲ್ಲ ಅಂಕಲ್. ಅದು ಬೇರೆ. ನಮಗೆಲ್ಲ ಎರಡೆರಡು ಇವೆ. ಇದನ್ನ ಬ್ಯಾಂಕಿಗೆ ತೋರಿಸಿದರೆ ಹೊರಗೆ ಕಳಿಸ್ತಾರೆ."

ಒಬ್ಬರಿಗೆ ಎರಡು ಸಹಿ ಎಂದರೆ ನಮ್ಮ ಕಚೇರಿಯಲ್ಲಿ ಅನುಮಾನದ ವಿಷಯ. ಈ ಹುಡುಗಿಯರಿಗೆ ಅದು ಎಚ್ಚರಿಕೆಯ ವಿಷಯ. ಎಲ್ಲರಿಗೂ ಕೊಡುವುದೊಂದು, ಯಾರಿಗೂ ಕೊಡದ್ದೊಂದು. ಇಪ್ಪತ್ತರ ಹುಡುಗಿಯರು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರಲ್ಲ ಎಂದು ಸೋಜಿಗವಾಯಿತು.

ಇಪ್ಪತ್ತೆರಡನೆಯ ಪುಟಕ್ಕೆ ಬಂದೆವು. ಹನುಮಸಾಗರದ ಹುಡುಗಿ ಮೇಜಿನ ತುದಿಯಲ್ಲಿ ಕೈಗವಸು ಹಿಡಿದು ನಿಂತಿದ್ದಳು. ಅವಳ ಮುಂದೆ ಪೆನ್ನೇ ಇಟ್ಟಿರಲಿಲ್ಲ.

"ನಿಂದೂ ಮಾಡವ್ವ," ಎಂದಳು ನನ್ನ ಹೆಂಡತಿ.

"ನಂದೇನ್ರಿ ಅಜ್ಜಿ? ನಾ ಇನ್ನೂ ಒಂದು ಮ್ಯಾಚೂ ಆಡಿಲ್ರಿ."

"ಆಡಿದ ಮ್ಯಾಲೆ ನಿನ್ನ ಸುತ್ತ ಮಂದಿ ಮುಗಿಬೀಳ್ತಾರ. ನನಗ ಮೊಣಕಾಲ ನೋವು, ಅಷ್ಟೊತ್ತು ನಿಲ್ಲಾಕ ಆಗಂಗಿಲ್ಲ. ಈಗ ಮಾಡು."

ಹುಡುಗಿ ನನ್ನ ಪೆನ್ನು ತೆಗೆದುಕೊಂಡು ಹಾಳೆಗೆ ಹಚ್ಚಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಅಗಲವಾದ ಕೈ ಬಂದು ಪುಟದ ಮೇಲೆ ಬಿತ್ತು.

"ಏ! ಖಾಲಿ ಹಾಳಿಗೆ ಸಹಿ ಮಾಡಬ್ಯಾಡ!"

ಅವಳ ತಂದೆ. ಆಗಷ್ಟೇ ಬಸ್ಸಿಳಿದು ಬಂದಿದ್ದ. ತೊಳೆದು ಮಡಿಕೆ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಮಗಳ ಕೈಯಿಂದ ಪೆನ್ನು ತೆಗೆದು ನನ್ನ ಕೈಗೆ ಮರಳಿ ಕೊಟ್ಟ.

"ಅಪ್ಪಾ, ಇದು ಆಟೋಗ್ರಾಫ್!"

"ಯಾವ ಗ್ರಾಫರ ಇರವಲ್ದ್ಯಾಕ. ಮ್ಯಾಲೆ ಏನೂ ಬರದಿಲ್ಲ."

ಅಳವಂಡಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮಗಳ ಕಿವಿ ಕೆಂಪಾದವು. ತಂದೆ ನನ್ನ ಕಡೆ ತಿರುಗಿದ. "ತಪ್ಪ ತಿಳ್ಕೋಬ್ಯಾಡ್ರಿ ಹಿರ್ಯಾರ. ನಮ್ಮ ಅಣ್ಣತಮ್ಮರ ಪಾಲಾಗೋ ಮುಂದ ಕುಷ್ಟಗಿ ಕಚೇರ್ಯಾಗ ಒಬ್ಬ ಗುಮಾಸ್ತರು ಹೇಳಿದ್ರು. ಖಾಲಿ ಜಾಗ ಇದ್ದ ಕಾಗದಕ್ಕ ಸಹಿ ಮಾಡಬ್ಯಾಡ, ಎರಡ ಸಲ ಓದಿಸಿ ಕೇಳು ಅಂತ. ಅವತ್ತಿನಿಂದ ನಾ ಹಿಂಗ."

ಹೆಂಡತಿ ನನ್ನ ಮುಖ ನೋಡಿದಳು. ಆ ಗುಮಾಸ್ತ ನಾನೋ, ನನ್ನ ಪಕ್ಕದ ಮೇಜಿನವನೋ, ನನಗೆ ತಿಳಿಯದು. ಆ ಮಾತನ್ನು ನಾವೆಲ್ಲರೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆವು. ಅವನಿಗೆ ನನ್ನ ಗುರುತು ಸಿಗಲಿಲ್ಲ, ನಾನೂ ಹೇಳಲಿಲ್ಲ. ಪುಸ್ತಕ ಮುಚ್ಚಿದೆ.

ಅಷ್ಟರಲ್ಲಿ ತಂಡದ ಮ್ಯಾನೇಜರ್ ಒಂದು ಹಾಳೆ ಹಿಡಿದು ಬಂದ. ಮೂವತ್ತರ ಯುವಕ, ಕಿವಿಯಲ್ಲಿ ಫೋನು. "ಇವರ ತಂದೆ ನೀವೇ ಅಲ್ವಾ? ಇಲ್ಲಿ ಕೆಳಗೆ ಒಂದು ಸಹಿ. ಬೇಗ, ಸಾಮಾನು ಹಾಕಬೇಕು."

ಪಾಲಕರ ಒಪ್ಪಿಗೆ ಪತ್ರ. ತಂದೆ ಅದನ್ನು ಬೆರಳಿಟ್ಟು ಓದಿದ. ಮೇಲೆ ತಂಡದ ಹೆಸರು ಅಚ್ಚಾಗಿತ್ತು. ಅದರ ಕೆಳಗೆ ಎಂಟು ಸಾಲು, ಒಂದೊಂದು ಶೀರ್ಷಿಕೆಯ ಮುಂದೆಯೂ ಬರೀ ಚುಕ್ಕೆಗಳು.

"ಇವು ಖಾಲಿ ಅದಾವಲ್ರಿ."

"ಅದನ್ನೆಲ್ಲ ಆಮೇಲೆ ನಮ್ಮ ಆಫೀಸಿನಲ್ಲಿ ತುಂಬ್ತಾರೆ."

"ತುಂಬಿದ ಮ್ಯಾಲೆ ಸಹಿ ಮಾಡ್ತೀನ್ರಿ."

"ಅಷ್ಟೊತ್ತಿಗೆ ನಾವು ಗೋವಾದಲ್ಲಿರ್ತೀವಿ. ಸಹಿ ಇಲ್ಲದೆ ಹುಡುಗಿಯನ್ನ ಬಸ್ಸು ಹತ್ತಿಸೋ ಹಾಗಿಲ್ಲ."

"ಖಾಲಿ ಕಾಗದಕ್ಕ ನಾ ಸಹಿ ಮಾಡೋ ಹಂಗಿಲ್ರಿ."

ಇಬ್ಬರದೂ ನಿಯಮ. ಇಬ್ಬರೂ ದನಿ ಏರಿಸಲಿಲ್ಲ. ಒಂಬತ್ತು ಇಪ್ಪತ್ತಾಗಿತ್ತು. ಸುತ್ತ ನಿಂತವರಲ್ಲಿ ಒಬ್ಬ, "ಏನಪಾ ಯಜಮಾನ, ಮಗಳನ್ನ ಆಟಕ್ಕ ಕಳಸ್ತೀಯೋ, ಹೊಲ ಮಾರ್ತೀಯೋ?" ಎಂದು ಕುಟುಕಿದ.

"ಹೊಲ ಆದ್ರ ಮಾರಿದ್ರೂ ಅಲ್ಲೇ ಇರ್ತೈತಿ," ಎಂದ ತಂದೆ. "ಮಗಳು ಎದ್ದು ಹೋಗ್ತಾಳ."

ಹುಡುಗಿ ತನ್ನ ಚೀಲದ ಮೇಲೆ ಕುಳಿತಳು. ಕೈಗವಸು ಹಾಕಿಕೊಂಡು ಅದರ ಪಟ್ಟಿಯನ್ನು ಹಚ್ಚುವುದು, ಬಿಚ್ಚುವುದು. "ಅಪ್ಪಾ, ಬಾಕಿ ಹುಡುಗ್ಯಾರ ಅಪ್ಪಗೋಳು ಮಾಡ್ಯಾರ," ಎಂದಳು ಒಮ್ಮೆ.

"ಅವರು ಮಾಡ್ಯಾರ," ಎಂದ ಅವನು. ಅಷ್ಟೇ.

ನಾನು ಹೆಂಡತಿಯನ್ನು ನೋಡಿದೆ. "ಹೋಗ್ರಿ," ಎಂದಳು. "ಬಾಯಿ ಬ್ಯಾಡ ಅಂದಿದ್ನಲ್ಲ, ಅದನ್ನ ವಾಪಸ್ ತಗೊಂಡೆ."

ಮ್ಯಾನೇಜರಿಗೆ ಹೇಳಿದೆ. "ಫಾರ್ಮನ್ನು ಇಲ್ಲೇ ತುಂಬಿಬಿಡೋಣ. ನಾನು ಬರೆಯುತ್ತೇನೆ, ನೀವು ವಿವರ ಹೇಳಿ. ಅರ್ಧ ಗಂಟೆ ಸಾಕು." ಅವನು ಗಡಿಯಾರ ನೋಡಿ ಕುರ್ಚಿ ಎಳೆದುಕೊಂಡ.

ಮೊದಲ ನಾಲ್ಕು ಸಾಲು ಹತ್ತು ನಿಮಿಷಕ್ಕೆ ಮುಗಿದವು. ಹುಡುಗಿಯ ಹೆಸರು, ವಯಸ್ಸು, ಊರು, ಹೋಗುವ ಸ್ಥಳ. ಐದನೆಯದು, ತಂಗುವ ಜಾಗ. ಅದಕ್ಕೆ ಮ್ಯಾನೇಜರ್ ಫೋನಿನಲ್ಲಿ ಹುಡುಕಿ ವಿಳಾಸ ತೆಗೆದ. ಆರನೆಯದು, ಜವಾಬ್ದಾರಿ ಹೊತ್ತವರು. "ನನ್ನ ಹೆಸರು ಹಾಕಿ," ಎಂದ.

"ಹೆಣ್ಣಮಗಳು ಯಾರದಾರ್ರಿ?" ಎಂದ ತಂದೆ.

ತಂಡದ ಫಿಸಿಯೋ, ಎಂದರೆ ಆಟಗಾರ್ತಿಯರ ಕೈಕಾಲು ನೋವು ನೋಡಿಕೊಳ್ಳುವವಳು, ಹುಬ್ಬಳ್ಳಿಯವಳು. ಹಾಸ್ಟೆಲಿನಲ್ಲೂ ಹುಡುಗಿಯರ ಜೊತೆಗೇ ಮಲಗುತ್ತಿದ್ದಳಂತೆ. ಅವಳನ್ನು ಕರೆಸಿದೆವು. ತನ್ನ ಹೆಸರು, ಫೋನ್ ನಂಬರನ್ನು ತಾನೇ ಬರೆದಳು. ಏಳನೆಯದು ಪಾಲಕರ ಫೋನ್ ನಂಬರು, ಅದನ್ನು ತಂದೆ ಹೇಳಿದ.

"ಅಕಿ ಅವ್ವನ ಒಂದ್ ಮಾತ ಕೇಳಬೇಕ್ರಿ," ಎಂದ ತಂದೆ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ತಾಯಿ ಯಾರದೋ ತೋಟದಲ್ಲಿ ಕೆಲಸದಲ್ಲಿದ್ದಳು. ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು. ಬರೆದಷ್ಟನ್ನು ನಾನು ಓದಿದೆ.

"ಅಲ್ಲಿ ರೊಟ್ಟಿ ಸಿಗ್ತಾವೇನ್ರಿ?" ಎಂದಳು ತಾಯಿ.

"ಚಪಾತಿ, ಅನ್ನ ಇರುತ್ತೆ ಅಮ್ಮ," ಎಂದ ಮ್ಯಾನೇಜರ್.

"ಇರ್ಲಿ, ತಿಂತಾಳ. ಮತ್ತ ವಾಪಸ್ ಯಾರು ಕರ್ಕೊಂಡ ಬರ್ತಾರ?"

ಅದು ಎಂಟನೆಯ ಸಾಲು. ಮರಳುವ ದಿನ ಮತ್ತು ಕರೆತರುವವರು. ಮ್ಯಾನೇಜರ್ ಫೋನಿನಲ್ಲಿ ಟಿಕೆಟ್ ತೆಗೆದು ನೋಡಿದ. ಗೋವಾದಿಂದ ತಂಡ ರೈಲಿನಲ್ಲಿ ನೇರವಾಗಿ ತಮ್ಮ ಜಿಲ್ಲೆಗೆ ಹೋಗುತ್ತದೆ. ಆ ದಾರಿಯಲ್ಲಿ ಕೊಪ್ಪಳ ಬರುವುದಿಲ್ಲ. ಟಿಕೆಟ್‌ಗಳು ಆಗಲೇ ಆಗಿವೆ, ಹುಡುಗಿಯದೂ ಸೇರಿ. ತಂಡದ ಜೊತೆ ಅಲ್ಲಿಗೆ ಹೋದವಳು ಅಲ್ಲಿಂದ ಮನೆಗೆ ಹೇಗೆ ಬರಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಮೋಸವೇನೂ ಇರಲಿಲ್ಲ. ಬಾಕಿ ಹುಡುಗಿಯರೆಲ್ಲ ಆ ಕಡೆಯವರೇ, ಪ್ರಶ್ನೆ ಎದ್ದಿರಲಿಲ್ಲ, ಅಷ್ಟೆ.

"ಬಸ್ಸಿನಲ್ಲಿ ಕೂರಿಸಿ ಕಳಿಸಬಹುದು," ಎಂದ ಮೆಲ್ಲಗೆ.

"ಒಬ್ಬಾಕಿನ್ನ?" ಎಂದಳು ಫೋನಿನಲ್ಲಿ ತಾಯಿ.

ಆ ಸಾಲು ತುಂಬದೆ ತಂದೆ ಸಹಿ ಮಾಡುವುದಿಲ್ಲ. ಈಗ ನಾನೂ ಮಾಡು ಎನ್ನುವಂತಿರಲಿಲ್ಲ. ಹತ್ತು ಗಂಟೆ ಹತ್ತು ನಿಮಿಷ. ಮ್ಯಾನೇಜರ್ ತಮ್ಮ ಆಫೀಸಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಬಸ್ಸಿನ ಮೇಲೆ ಚೆಂಡಿನ ಚೀಲಗಳನ್ನು ಕಟ್ಟುತ್ತಿದ್ದರು. ಹುಡುಗಿಯ ಚೀಲ ಮಾತ್ರ ಅವಳ ಕೆಳಗೇ ಇತ್ತು. ಅವಳು ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಿದ್ದಳು.

"ನನಗೆ ಹೇಗೂ ಹುಬ್ಬಳ್ಳಿಗೆ ಬರೋದಿದೆ," ಎಂದಳು ಫಿಸಿಯೋ. "ಗೋವಾದಿಂದ ತಂಡ ಬಿಟ್ಟು ಇವಳ ಜೊತೆ ಬರ್ತೀನಿ. ಹುಬ್ಬಳ್ಳಿಯಿಂದ ಕೊಪ್ಪಳ ರೈಲಿಗೆ ಎರಡು ತಾಸು. ಸ್ಟೇಷನ್ನಿನ್ಯಾಗ ಇವರಪ್ಪನ ಕೈಗೆ ಒಪ್ಪಿಸಿ ತಿರುಗಿ ಹೋಗ್ತೀನಿ. ಆದ್ರ ನನ್ನ ರಜೆ ಎರಡು ದಿನ ಮೊದಲೇ ಕೊಡಬೇಕು."

"ಆಫೀಸ್ ಒಪ್ಪಬೇಕಲ್ಲ," ಎಂದ ಮ್ಯಾನೇಜರ್. ಫೋನು ಮತ್ತೆ ಹಚ್ಚಿದ. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು.

ಕೋಚ್ ಅಷ್ಟು ಹೊತ್ತೂ ಬಸ್ಸಿನ ಬಳಿ ನಿಂತು ನೋಡುತ್ತಿದ್ದವಳು ಮೇಜಿಗೆ ಬಂದಳು. ಫಾರ್ಮನ್ನು ಎತ್ತಿ ಎಂಟನೆಯ ಸಾಲು ಓದಿದಳು. "ಆಫೀಸಿಗೆ ನಾನು ಹೇಳ್ಕೋತೀನಿ. ಬರೀರಿ," ಎಂದಳು.

ತಾರೀಖು, ರೈಲು, ಕರೆತರುವವರು, ಒಪ್ಪಿಸುವ ಸ್ಥಳ ಬರೆದೆ. ಸಾಲಿನ ಕೊನೆಯಲ್ಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದೆ. ಎರಡು ಸಲ ಗಟ್ಟಿಯಾಗಿ ಓದಿದೆ, ಒಂದು ತಂದೆಗೆ, ಒಂದು ಫೋನಿನಲ್ಲಿದ್ದ ತಾಯಿಗೆ. "ಛಲೋ ಆತು, ಕಳಸ್ರಿ," ಎಂದಳು ತಾಯಿ. ತಂದೆ ಕುಳಿತು, ಹೆಗಲ ಟವೆಲಿನಿಂದ ಬೆರಳು ಒರೆಸಿಕೊಂಡು, ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದ. ಒಂದೇ ಸಹಿ ಇರುವವನ ಸಹಿ ಅದು. ಹತ್ತು ಐವತ್ತು.

"ನನಗೂ ಒಂದು ಕಾಪಿ ಬೇಕ್ರಿ," ಎಂದ.

"ಫೋಟೋ ತಕ್ಕೊಳ್ಳಿ," ಎಂದ ಮ್ಯಾನೇಜರ್.

"ಫೋಟೋ ಅಲ್ರಿ. ಕಾಗದ."

ಝೆರಾಕ್ಸ್ ಅಂಗಡಿ ಊರೊಳಗೆ. ಹೆಂಡತಿ ತನ್ನ ಪುಸ್ತಕದ ಹಿಂದಿನ ಒಂದು ಹಾಳೆಯನ್ನು ತಾನೇ ಹರಿದು ಕೊಟ್ಟಳು. ಎಂಟೂ ಸಾಲು ನಕಲು ಮಾಡಿ, ಕೋಚ್ ಮತ್ತು ಮ್ಯಾನೇಜರರ ಸಹಿ ಹಾಕಿಸಿದೆ. ತಂದೆ ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಆಮೇಲೆ ಮಗಳ ಕಡೆ ನೋಡಿ, "ಆ ಅಜ್ಜಿ ಪುಸ್ತಕಕ್ಕ ಮಾಡು ಈಗ. ಆದ್ರ ಮ್ಯಾಲೆ ಏನರ ಬರಿ," ಎಂದ.

ಹುಡುಗಿ ಇಪ್ಪತ್ತೆರಡನೆಯ ಪುಟ ತೆರೆದು ಸ್ವಲ್ಪ ಯೋಚಿಸಿದಳು. "ಇದು ಆಟೋಗ್ರಾಫ್. ಬೇರೆ ಯಾವುದಕ್ಕೂ ನಡೆಯುವುದಿಲ್ಲ" ಎಂದು ಬರೆದು, ಕೆಳಗೆ ಸಹಿ ಮಾಡಿ, ಪುಸ್ತಕವನ್ನು ಅಪ್ಪನ ಮುಂದೆ ಹಿಡಿದಳು. ಅವನು ಓದಿ ತಲೆ ಆಡಿಸಿದ. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ನನಗೂ ಅದು ನೇರವಾದ ಬರಹವೆಂದೇ ತೋರಿತು. ನಕ್ಕದ್ದು ನನ್ನ ಹೆಂಡತಿ ಮತ್ತು ಕೋಚ್.

ಬಸ್ಸು ಐದು ನಿಮಿಷ ತಡವಾಗಿ ಹೊರಟಿತು. ಹುಡುಗಿ ಓಡಿ ಹತ್ತಿದಳು, ಹಿಂದೆ ತಿರುಗಿ ನೋಡುವುದು ಅವಳಿಗೆ ಮರೆತೇ ಹೋಯಿತು. ಬಾಗಿಲಲ್ಲಿ ನಿಂತ ಮ್ಯಾನೇಜರ್ ನನ್ನ ಕಡೆ ಬಾಗಿ, "ಸರ್, ಇನ್ನೂ ಐದು ಹುಡುಗಿಯರು ಹದಿನೆಂಟರ ಒಳಗಿನವರು. ಅವರ ಫಾರ್ಮಿಗೆ ಸಹಿ ಆಗಿದೆ, ಸಾಲುಗಳು ಖಾಲಿನೇ ಇವೆ. ನೀವು ಬರೆದ ಹಾಗೆ ಒಂದು ನಮೂನೆ ಮಾಡಿ ಕಳಿಸ್ತೀರಾ?" ಎಂದು ಕೇಳಿದ. ನಂಬರು ಕೊಟ್ಟ. ಸಂಜೆಯೊಳಗೆ ಕಳಿಸುತ್ತೇನೆಂದೆ.

ತಂದೆಯನ್ನು ನಾವು ಹಿಡಿದ ಆಟೋದಲ್ಲಿಯೇ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಒಂದೇ ಮಾತು ಆಡಿದ. "ಅಕಿ ಕೈಗವಸ ಬಿಚ್ಚಿಟ್ಟಾಗ, ಖರೇ ಹೇಳ್ತೀನ್ರಿ, ಖಾಲಿ ಇದ್ರೂ ಮಾಡಿಬಿಡೂಣು ಅನಿಸಿತ್ತು."

"ಮಾಡ್ಲಿಲ್ಲಲ್ಲ," ಎಂದಳು ನನ್ನ ಹೆಂಡತಿ.

"ಇನ್ನೊಂದು ಹತ್ತು ನಿಮಿಷ ಆಗಿದ್ರ ಮಾಡ್ತಿದ್ನಿ."

ಕುಷ್ಟಗಿಯ ಬಸ್ಸು ನಿಂತಿತ್ತು. ಅಲ್ಲಿಳಿದು ಹನುಮಸಾಗರಕ್ಕೆ ಬೇರೆ ಗಾಡಿ. ಹತ್ತಿ ಕಿಟಕಿಯ ಬಳಿ ಕುಳಿತು ನಮಸ್ಕಾರ ಮಾಡಿದ.

ಮನೆಗೆ ಬಂದು ಊಟ, ಒಂದು ತಾಸು ವಿಶ್ರಾಂತಿ. ಮೂರೂವರೆಗೆ ನಮೂನೆ ಬರೆಯಲು ಕುಳಿತೆ. ಎಂಟು ಸಾಲನ್ನು ಹತ್ತು ಮಾಡಿದೆ. ಮರಳುವ ದಿನ, ಕರೆತರುವವರು, ಯಾರ ಕೈಗೆ ಒಪ್ಪಿಸುವುದು, ಇವನ್ನು ಬೇರೆ ಬೇರೆ ಸಾಲು ಮಾಡಿ, ಕೊನೆಯಿಂದ ತೆಗೆದು ಮೊದಲ ಸಾಲಿನ ಕೆಳಗೇ ಹಾಕಿದೆ. ಹೆಂಡತಿ ಓದಿ, "ಮಗಳಿಗೆ ಯಾವ ಊಟ ಒಗ್ಗಂಗಿಲ್ಲ ಅಂತ ಒಂದು ಸಾಲು ಹಾಕ್ರಿ," ಎಂದಳು. ಹನ್ನೊಂದು ಸಾಲಾಯಿತು. ಕೊನೆಗೆ "ಮೇಲಿನ ಯಾವುದೇ ಸಾಲು ಖಾಲಿ ಇದ್ದಲ್ಲಿ ಪಾಲಕರು ಸಹಿ ಮಾಡತಕ್ಕದ್ದಲ್ಲ" ಎಂದು ಸೇರಿಸಿದೆ. ಶುದ್ಧ ಪ್ರತಿ ಬರೆದು, ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು, ಮ್ಯಾನೇಜರಿಗೆ ಕಳಿಸಿದೆ. ಆರು ನಲವತ್ತು. ಆರು ನಲವತ್ತೆಂಟಕ್ಕೆ ಅವನ ಉತ್ತರ ಬಂತು. ಐವರು ಹುಡುಗಿಯರ ಮನೆಗೂ ಕಳಿಸಿಯಾಗಿದೆ ಎಂದಿತ್ತು.